ಪುಕ್ಕಟೆ ಪಾಠವೂ ನಮ್ಮಜ್ಜಿಯ ಅನುಮಾನವೂ

ಹೊಸ ಫ್ಲೆಕ್ಸಿಗೆ ಒಂದು ವಾಸನೆ ಇದೆ, ನೀವು ಗಮನಿಸಿದ್ದೀರೋ ಇಲ್ಲವೋ. ಹೊಸಪೇಟೆಯ ಬಿಸಿಲು ಬಿತ್ತೆಂದರೆ ಅದು ಸೀಮೆಎಣ್ಣೆಗೂ ಹೊಸ ಚಪ್ಪಲಿಗೂ ನಡುವಿನ ಒಂದು ಘಾಟಾಗಿ ಮೂಗಿಗೆ ಅಡರುತ್ತದೆ. ಹೋದ ಜೂನಿನಲ್ಲಿ ಒಂದು ಬೆಳಗ್ಗೆ ಹಾಲಿನ ಪಾಕೀಟು ತೆಗೆದುಕೊಳ್ಳಲು ಬಾಗಿಲು ತೆರೆದರೆ ಅದೇ ಘಾಟು. ನನ್ನ ಗೇಟಿಗೆ, ನನ್ನನ್ನು ಒಂದು ಮಾತೂ ಕೇಳದೆ, ಯಾರೋ ಫ್ಲೆಕ್ಸ್ ಕಟ್ಟಿ ಹೋಗಿದ್ದರು. "ಪ್ರಾಥಮಿಕ ಶಾಲಾ ಮಕ್ಕಳಿಗೆ ಉಚಿತ ಮನೆಪಾಠ." ಕೆಳಗೆ ಕಲಿಸುವ ಯುವಕ ಯುವತಿಯರ ಫೋಟೋಗಳು, ಒಬ್ಬೊಬ್ಬರ ಮುಖವೂ ಊಟದ ತಟ್ಟೆಯಷ್ಟು. ಮಕ್ಕಳು ಎಲ್ಲಿ ಎಂದು ಹುಡುಕಿದೆ. ಕೆಳಗಿನ ಮೂಲೆಯಲ್ಲಿ ಯಾವುದೋ ದೇಶದ ಮಕ್ಕಳು ಯಾವುದೋ ದೇಶದ ಹುಲ್ಲಿನ ಮೇಲೆ ಕುಳಿತು ನಗುತ್ತಿದ್ದರು.

ಸಂಜೆ ಒಬ್ಬ ಹುಡುಗಿ ಬಂದಳು. ಫ್ಲೆಕ್ಸಿನಲ್ಲಿ ಎಡಗಡೆಯಿಂದ ಎರಡನೆಯ ತಟ್ಟೆ. "ಮೇಡಂ, ನಿಮ್ಮ ಕಾರ್ ಶೆಡ್ಡು ಖಾಲಿ ಐತಂತ ಕೇಳಿದ್ವಿ. ಸಂಜಿ ಹೊತ್ತು ಮಕ್ಕಳನ್ನ ಕುಂದ್ರಿಸಿಕೊಂಡು ಪಾಠ ಹೇಳ್ತೀವಿ. ಪುಕ್ಕಟೆ," ಎಂದಳು. ಶೆಡ್ಡು ಖಾಲಿಯಿದ್ದದ್ದು ನಿಜ. ನನ್ನ ಯಜಮಾನರು ಶೆಡ್ಡು ಕಟ್ಟಿದರೆ ಕಾರು ತಾನಾಗಿ ಬರುತ್ತದೆ ಎಂದು ನಂಬಿದವರು, ಬಂದದ್ದು ಪಾರಿವಾಳಗಳು. ಆದರೆ 'ಪುಕ್ಕಟೆ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಎಡ ಹುಬ್ಬು ಮೇಲಕ್ಕೆ ಹೋಯಿತು. "ಯಾಕ?" ಎಂದು ಕೇಳಿದೆ. ಹುಡುಗಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಯಾಕಂದ್ರ... ಮಕ್ಕಳು ಕಲೀಲಿ ಅಂತ." "ವಿಚಾರ ಮಾಡ್ತೀನಿ," ಎಂದು ಕಳಿಸಿದೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿಯೇ ತಲೆ ಬೆಳ್ಳಗೆ ಮಾಡಿಕೊಂಡವಳು. ಸ್ವಯಂಸೇವಕರಲ್ಲಿ ಎಷ್ಟು ಬಗೆಯವರನ್ನು ನೋಡಿಲ್ಲ! ಟೋಪಿ ಹಾಕಿಕೊಂಡು ಬಂದವರು, ಟೀ ಶರ್ಟ್ ಹಾಕಿಕೊಂಡು ಬಂದವರು, ಬಲೂನು ತಂದವರು, ಪೆನ್ಸಿಲು ಹಂಚಿದವರು. ಬರುವಾಗ ಮಕ್ಕಳ ಹೆಸರು ಕೇಳುತ್ತಾರೆ, ಹೋಗುವಾಗ ಮರೆತಿರುತ್ತಾರೆ. ಒಂದು ವಾರ ಮಕ್ಕಳು "ಅಕ್ಕಾ, ಅಣ್ಣಾ" ಎಂದು ಮೈಮೇಲೆ ಬಿದ್ದು ಕುಣಿಯುತ್ತವೆ. ಮುಂದಿನ ವಾರ ಕಿಟಕಿಯಲ್ಲಿ ಮುಖವಿಟ್ಟು ರಸ್ತೆ ನೋಡುತ್ತ ಕೂತಿರುತ್ತವೆ. ಆ ಮುಖಗಳನ್ನು ಮತ್ತೆ ಮಗ್ಗಿಯ ಕಡೆ ತಿರುಗಿಸುವ ಕೆಲಸ ನನ್ನದಾಗಿತ್ತು. ಹಾಗಾಗಿ ನನ್ನ ಅನುಮಾನಕ್ಕೆ ಅನುಭವದ ಆಧಾರವಿದೆ ಎಂದು ನಾನು ಹೇಳಿಕೊಳ್ಳುತ್ತೇನೆ. ಒಳಗಿನ ಮಾತು ಬೇರೆ. ಈ ಹುಬ್ಬು ಏರುವುದು ನನಗೆ ನಮ್ಮಜ್ಜಿಯಿಂದ ಬಂದ ಬಳುವಳಿ. ಅವಳು ಬೆಳ್ಳಿ ಡಾಬನ್ನು ನನ್ನ ಸೋದರತ್ತೆಯ ಮಗಳಿಗೆ ಕೊಟ್ಟಳು, ಅನುಮಾನವನ್ನು ನನಗೆ ಕೊಟ್ಟಳು.

ನಮ್ಮದು ಎಮ್ಮಿಗನೂರಿನ ಕಡೆಯ ಒಂದು ಹಳ್ಳಿ. ನಾನು ಹುಟ್ಟುವ ಹೊತ್ತಿಗೆ ಕಾಲುವೆ ಬಂದು ಊರು ಹಸಿರಾಗಿತ್ತು. ಜೋಳದ ರೊಟ್ಟಿ ತಿನ್ನುತ್ತಿದ್ದವರು ಅನ್ನಕ್ಕೆ ತಿರುಗಿ, ಸಂಜೆಯಾದರೆ "ಯಾಕೋ ಹೊಟ್ಟಿ ತುಂಬಲಿಲ್ಲ" ಎಂದು ಮತ್ತೆ ರೊಟ್ಟಿ ಹುಡುಕುತ್ತಿದ್ದ ಕಾಲ. ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ಭತ್ತ ಹೊತ್ತ ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದವು. ದೇವರನ್ನೂ ನಂಬದ ನಮ್ಮಜ್ಜಿ ಕಾಲುವೆಯನ್ನು ಮಾತ್ರ ಅರ್ಧ ನಂಬಿದ್ದಳು. "ಬಂದದ್ದು ಹೌದು. ಇರತೈತಿ ಅಂತ ಯಾರು ಹೇಳ್ಯಾರ?" ಎನ್ನುತ್ತಿದ್ದಳು. ಸಂತೆಯಲ್ಲಿ ಬದನೆಕಾಯಿಯವನು ಒಂದು ಕಾಯಿ ಕೊಸರು ಹಾಕಿದರೆ ಆ ಕಾಯಿಯನ್ನೇ ಮೊದಲು ಸೀಳಿ ಹುಳ ಹುಡುಕುವವಳು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಊರಾಚೆಯ ಕಾಲುವೆ ಕ್ವಾರ್ಟರ್ಸಿಗೆ ಹೊಸ ಸಾಹೇಬರು ಬಂದರು. ಯಾವ ಹೊಲಕ್ಕೆ ಯಾವಾಗ ನೀರಿನ ಪಾಳಿ, ಯಾವ ತೂಬು ಎಷ್ಟು ತೆರೆದಿರಬೇಕು ಎಂದು ನೋಡುವವರು ಅವರೇ, ಅವರ ಕೈಕೆಳಗೆ ಕಾಲುವೆ ಕಾಯುವ ಒಬ್ಬ ಲಸ್ಕರ್. ತೂಬೆಂದರೆ ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಕಿಂಡಿ. ನಮ್ಮೂರಿನ ಸಿರಿಯೆಲ್ಲ ಆ ಕಿಂಡಿಯಲ್ಲೇ ಹರಿದು ಬರುತ್ತಿತ್ತು. ಅವರ ಹೆಂಡತಿ ವಿಮಲಮ್ಮ ಮೈಸೂರು ಕಡೆಯವರು. ಊರವರು 'ಅಮ್ಮಾರು' ಎನ್ನುತ್ತಿದ್ದರು. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಮಾತು ಮುಗಿದ ಮೇಲೂ ನಗು ಸ್ವಲ್ಪ ಹೊತ್ತು ಮುಖದಲ್ಲಿ ಉಳಿಸಿಕೊಳ್ಳುವ ಹೆಂಗಸು. ಬಂದು ತಿಂಗಳಾಗುವಷ್ಟರಲ್ಲಿ ಮನೆಮನೆಗೆ ಬಂದು, "ಸಂಜೆ ಮಕ್ಕಳನ್ನ ನಮ್ಮನೆ ಜಗಲಿಗೆ ಕಳ್ಸಿ, ಓದು ಬರಹ ಹೇಳ್ಕೊಡ್ತೀನಿ. ನಂಗೇನೂ ಕೊಡೋದು ಬೇಡ," ಎಂದರು.

ಊರು ಒಂದು ವಾರ ಆ ಮಾತನ್ನು ಅಗಿಯಿತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಗಾದೆ ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ಮೊದಲು ಕೈ ಚಾಚಲಿಲ್ಲ. ಮಕ್ಕಳ ಕೈಲಿ ನೀರು ಹೊರಿಸಿಕೊಳ್ಳುತ್ತಾಳೆ ಎಂದರು ಕೆಲವರು. ಮುಂದೆ ಚುನಾವಣೆಗೆ ನಿಲ್ಲುತ್ತಾಳೆ ಎಂದರು ಇನ್ನು ಕೆಲವರು. ಮಕ್ಕಳಿಲ್ಲದವಳು, ದೃಷ್ಟಿ ಬೀಳುತ್ತದೆ ಎಂದು ಪಿಸುಗುಟ್ಟಿದವರೂ ಇದ್ದರು. ನಮ್ಮಜ್ಜಿ ಇವನ್ನೆಲ್ಲ ತಳ್ಳಿಹಾಕಿದಳು. "ನೀರು ಹೊರಸಾಕ ಲಸ್ಕರ್ ಅದಾನ. ಇದು ಅದಲ್ಲ. ಸಾಹೇಬನ ಹೆಣತಿ ನಮ್ಮ ಹುಡುಗರ ಬಾಯಿ ಬಿಡಸ್ತಾಳಂದ್ರ, ಆ ಬಾಯಾಗ ಆಕಿಗೆ ಬೇಕಾದದ್ದು ಏನೋ ಐತಿ."

ಆದರೂ ನಾವು ಹೋದೆವು. ನಾನು ಹೋದದ್ದು ಕಲಿಯಲೆಂದು ಹೇಳಿದರೆ ನೀವು ನಂಬಬಾರದು. ನನಗೆ ಆಗಲೇ ಓದಲು ಬರುತ್ತಿತ್ತು. ಅಮ್ಮಾರು ಪಾಠ ಮುಗಿದ ಮೇಲೆ ಹುರಿದ ಶೇಂಗಾ ಕೊಡುತ್ತಾರೆಂಬ ಸುದ್ದಿ ಬಂದಿತ್ತು. ಅಜ್ಜಿ ತಡೆಯಲಿಲ್ಲ. "ಹೋಗು. ಕಣ್ಣು ತೆರಕೊಂಡು ಕುಂದ್ರು. ಬಂದು ನನಗ ಎಲ್ಲಾ ಹೇಳು," ಎಂದಳು. ಹೀಗೆ ನಾನು ಶೇಂಗಾ ತಿನ್ನುವ ಗೂಢಚಾರಿಣಿಯಾದೆ.

ನನ್ನ ಜೊತೆ ಪಕ್ಕದ ಮನೆಯ ರತ್ನಿ ಬರುತ್ತಿದ್ದಳು. ಯಂಕಪ್ಪ, ಈರಮ್ಮ ದಂಪತಿಗಳ ಮಗಳು, ನನ್ನ ವಾರಗೆಯವಳು. ಶಾಲೆಯಲ್ಲಿ ರತ್ನಿ ಜಾಣೆಯೆಂದೇ ಹೆಸರು. ಮಾಸ್ತರರು "ಓದು" ಎಂದರೆ ಎದ್ದು ನಿಂತು, ಪುಸ್ತಕ ಹಿಡಿದು, ಗಂಟೆ ಬಾರಿಸಿದಂತೆ ಇಡೀ ಪಾಠ ಹೇಳಿಬಿಡುತ್ತಿದ್ದಳು. ಅವಳ ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ ಇರುತ್ತಿದ್ದುದು ನನಗೆ ಗೊತ್ತಿತ್ತು. ಒಮ್ಮೆ ಪುಸ್ತಕ ತಲೆಕೆಳಗಾಗಿತ್ತು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನಡೆಸುತ್ತಿದ್ದ ಮಾಸ್ತರರಿಗೆ ಯಾರ ಪುಸ್ತಕ ಯಾವ ಕಡೆಗಿದೆ ಎಂದು ನೋಡುವ ಪುರಸೊತ್ತು ಎಲ್ಲಿಂದ ಬರಬೇಕು?

ವಿಮಲಮ್ಮನಿಗೆ ಇದು ಎರಡನೆಯ ಸಂಜೆಯೇ ತಿಳಿಯಿತು. ರತ್ನಿ ಜೋರಾಗಿ ಒಪ್ಪಿಸುತ್ತಿದ್ದಾಗ ಅವರು ಮೆಲ್ಲಗೆ ಪುಸ್ತಕ ಮುಚ್ಚಿದರು. ರತ್ನಿ ನಿಲ್ಲಿಸಲಿಲ್ಲ. ಮಕ್ಕಳೆಲ್ಲ ನಕ್ಕಾಗಲೇ ಅವಳಿಗೆ ಗೊತ್ತಾದದ್ದು. ವಿಮಲಮ್ಮ ನಗಲಿಲ್ಲ. ಪುಸ್ತಕವನ್ನು ಒಳಗೆ ಇಟ್ಟು ಬಂದು, "ಪುಸ್ತಕ ಇರ್ಲಿ. ನಿನ್ನೆ ನಿಮ್ಮನೇಲಿ ಏನಾಯ್ತು, ಹೇಳು," ಎಂದರು.

ರತ್ನಿ ಬಹಳ ಹೊತ್ತು ಯೋಚಿಸಿ, "ಎಮ್ಮಿ ಒದೀತ್ರಿ," ಎಂದಳು.

ಅಮ್ಮಾರು ಗೋಡೆಗೆ ಒರಗಿಸಿದ್ದ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಎಮ್ಮಿ ಒದೀತು. "ಇದು ನೀನು ಹೇಳಿದ್ದು. ನಿನ್ನ ಬಾಯಿಂದ ಬಂದು ಇಲ್ಲಿ ಕೂತಿದೆ ನೋಡು."

ರತ್ನಿ ಹಲಗೆಯ ಹತ್ತಿರ ಹೋಗಿ ಅಕ್ಷರಗಳನ್ನು ಎಮ್ಮೆಯನ್ನೇ ನೋಡುವಂತೆ, ಸ್ವಲ್ಪ ದೂರದಲ್ಲಿ ನಿಂತು, ನೋಡಿದಳು. ಆಮೇಲೆ ದಿನವೂ ಅದೇ ಆಟ. ಯಾರ ಮನೆಯಲ್ಲಿ ಏನಾಯಿತೋ ಅದನ್ನು ಹೇಳುವುದು, ಅಮ್ಮಾರು ನಮ್ಮ ಮಾತಿನಲ್ಲೇ ಬರೆಯುವುದು, ನಾವು ಓದುವುದು. 'ಅವ್ವ ಸೆಟಗೊಂಡಾಳ.' 'ಮಾವ ಬಂದಿದ್ದ, ತಿನ್ನಾಕ ಮಂಡಾಳು ತಂದಿದ್ದ.' ಮಾಸ್ತರರ ಕಿವಿಗೆ ಇದು ಬಿದ್ದು ಅವರು ಕೆಂಡವಾದರು. "ಎಮ್ಮಿ ಅಲ್ಲ, ಎಮ್ಮೆ! ಹುಡುಗರ ಭಾಷೆ ಕೆಡಸಾಕ ಹತ್ಯಾರ," ಎಂದು ನಮ್ಮಪ್ಪನ ಹತ್ತಿರ ದೂರು ಹೇಳಿದರು. ನಾನು ಅಜ್ಜಿಗೆ ವರದಿ ಒಪ್ಪಿಸಿದೆ. ಅಜ್ಜಿ ಭಾಷೆಯ ಗೊಡವೆಗೆ ಹೋಗಲಿಲ್ಲ. "ಮನಿಯಾಗ ಏನಾತು ಅಂತ ಕೇಳ್ತಾಳೇನು?" ಎಂದು ನಾನು ಹೇಳಿದ್ದನ್ನೇ ತಿರುಗಿಸಿ ಕೇಳಿ, ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

ಭತ್ತ ಹೊಡೆಯಲ್ಲಿದ್ದ ಕಾಲ. ಇನ್ನೇನು ತೆನೆ ಹೊರಡಬೇಕು, ಆಗ ಹೊಲಕ್ಕೆ ನೀರು ತಪ್ಪಬಾರದು. ಒಂದು ಸಂಜೆ ಅಮ್ಮಾರು ಎಂದಿನಂತೆ "ಏನಾಯ್ತು?" ಎಂದರು. ರತ್ನಿ ಕೈ ಎತ್ತಿದಳು. "ನಮ್ಮಪ್ಪ ಗಡಾರಿ ತಗಂಡು ತೂಬಿಗೆ ಹೋಗಿದ್ದ." ಅಮ್ಮಾರು ಬರೆದರು. ಅಷ್ಟರಲ್ಲಿ ಬೇರೆ ಯಾರದೋ ಜಗಳ ಬಿಡಿಸಿ, ನಾಲ್ಕಾರು ಬೇರೆ ವಾಕ್ಯಗಳನ್ನು ಬರೆದು, ಕೊನೆಗೆ ರತ್ನಿಯನ್ನು ಕರೆದು ಹಲಗೆಯ ನಡುವಿನ ಸಾಲಿಗೆ ಕಡ್ಡಿ ಇಟ್ಟರು. ಅದು ಅವಳದ್ದೇ ಸಾಲೆಂದು ಹೇಳಲಿಲ್ಲ. ರತ್ನಿ ಒಂದೊಂದೇ ಅಕ್ಷರಕ್ಕೆ ಕಣ್ಣು ಕೊಟ್ಟು, ತುಟಿ ಆಡಿಸಿ, "ನ... ಮ್ಮ... ಪ್ಪ," ಎಂದು ಶುರುಮಾಡಿ, ಗಡಾರಿಯ ಹತ್ತಿರ ಬೆವೆತು, ತೂಬಿಗೆ ಬರುವಷ್ಟರಲ್ಲಿ ಕೂಗಿಯೇಬಿಟ್ಟಳು. ಬಾಯಿಪಾಠವಿಲ್ಲದೆ, ಯಾರೂ ಹೇಳಿಕೊಡದೆ, ಅವಳು ಓದಿದ ಮೊದಲ ವಾಕ್ಯ ಅದು. ವಿಮಲಮ್ಮ ಅವಳನ್ನು ಎತ್ತಿ ತಿರುಗಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿ, ಆ ವಾಕ್ಯವನ್ನೇ ರಾಗವಾಗಿ ಹಾಡುತ್ತ ಮನೆಗೆ ಬಂದೆವು.

ಅದರಲ್ಲಿ ತಪ್ಪೇನಾದರೂ ಇದೆಯೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಮ್ಮೂರಿನಲ್ಲಿ ಎಲ್ಲರ ಅಪ್ಪಂದಿರೂ ಗಡಾರಿ, ಅಂದರೆ ಕಬ್ಬಿಣದ ಹಾರೆ, ಹಿಡಿದು ತೂಬಿಗೆ ಹೋಗುವವರೇ. ಕಿಂಡಿಯ ಕಲ್ಲನ್ನು ಸ್ವಲ್ಪ ಮೀಟಿದರೆ ಪಾಳಿಗಿಂತ ಹೆಚ್ಚು ನೀರು ಬರುತ್ತದೆ. ಗುದ್ದಲಿ, ಕುಡುಗೋಲುಗಳಂತೆ ಗಡಾರಿಯೂ ಬೇಸಾಯದ ಸಾಮಾನೆಂದೇ ನಾವು ತಿಳಿದಿದ್ದೆವು.

ಅದೇ ವಾರ ಜೀಪು ಬಂತು. ಸಾಹೇಬರು, ಲಸ್ಕರ್, ಇಬ್ಬರು ಗೌಂಡಿಗಳು. ನೇರವಾಗಿ ಯಂಕಪ್ಪನ ತೂಬಿಗೆ ಹೋಗಿ, ಮೀಟಿದ್ದ ಕಲ್ಲು ಕಿತ್ತು, ಸಿಮೆಂಟು ಮೆತ್ತಿದರು. ಕಾಲುವೆ ಕೆಡಿಸಿದ ತಪ್ಪಿಗೆ ಅವನ ಪಾಳಿಯನ್ನೂ ನಿಲ್ಲಿಸಿದರು. ಹೊಡೆ ತುಂಬಿದ ಭತ್ತ ಹಾಗೇ ನಿಂತಿತ್ತು, ನೆಲ ಒಣಗತೊಡಗಿತು.

"ಊರಿಗೆ ಊರೇ ಕಲ್ಲು ಮೀಟತೈತಿ. ಇವನೊಬ್ಬನೇ ಹೆಂಗ ಸಿಕ್ಕ?" ಎಂದು ಅಜ್ಜಿ ಜಗಲಿಯಲ್ಲಿ ಕುಳಿತು ಕೇಳಿದಳು. ಕೇಳಿ ನನ್ನ ಕಡೆ ನೋಡಿದಳು. ನಮ್ಮ ರಾಗದ ಹಾಡು ಊರಿಗೆಲ್ಲ ಕೇಳಿತ್ತಲ್ಲ. ಸಂಜೆಯ ಹೊತ್ತಿಗೆ ಎಲ್ಲರೂ ಲೆಕ್ಕ ಕೂಡಿಸಿದ್ದರು. ಮರುದಿನದಿಂದ ಕ್ವಾರ್ಟರ್ಸಿನ ಜಗಲಿಗೆ ಒಂದು ಮಗುವೂ ಹೋಗಲಿಲ್ಲ. ಈರಮ್ಮ ಮಗಳಿಗೆ ಒಂದೇಟು ಹೊಡೆದಳೆಂದು ಕಾಣುತ್ತದೆ. ಯಂಕಪ್ಪ ಹೊಡೆಯಲಿಲ್ಲ, ಮಾತಾಡಿಸಲೂ ಇಲ್ಲ. ರತ್ನಿಗೆ ಯಾವುದು ಹೆಚ್ಚು ನೋವಾಯಿತೋ ನಾನು ಹೇಳಲಾರೆ.

ವಿಮಲಮ್ಮ ಒಬ್ಬರೇ ನಡೆದುಕೊಂಡು ಬಂದರು. ಯಂಕಪ್ಪನ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಮೊಳಕಾಲೆತ್ತರದ ಮಣ್ಣಿನ ಗೋಡೆ. ಅಜ್ಜಿ ಎಲೆ ಸಂಚಿಯ ಸಮೇತ ಗೋಡೆಯ ಹತ್ತಿರ ಬಂದು ಕುಳಿತಳು, ನಾನು ಅವಳ ಬೆನ್ನ ಹಿಂದೆ. ಅವರು ಏನು ಸುಳ್ಳು ಹೇಳಿದರೂ ಅದಕ್ಕೆ ಅಜ್ಜಿಯ ಹತ್ತಿರ ಉತ್ತರ ತಯಾರಿತ್ತು.

"ನಾನೇ ಹೇಳಿದ್ದು," ಎಂದರು ವಿಮಲಮ್ಮ.

ಅಜ್ಜಿ ಎಲೆ ಸಂಚಿಯ ದಾರ ಎಳೆದು ಮುಚ್ಚಿದಳು.

"ಊಟಕ್ಕೆ ಕೂತಾಗ ಹೇಳ್ದೆ. ರತ್ನಿ ಓದಿದಳು, ಇಡೀ ವಾಕ್ಯ ಓದಿದಳು ಅಂತ ಸಂತೋಷಕ್ಕೆ ಹೇಳ್ದೆ. ಏನು ಓದಿದಳು ಅಂತ ಅವರು ಕೇಳಿದ್ರು. ಅದನ್ನೂ ಹೇಳ್ದೆ." ಅವರ ಮುಖದಲ್ಲಿ ಎಂದಿನ ನಗು ಇರಲಿಲ್ಲ. "ನಾನು ಹೇಳಿದ್ದು ರತ್ನಿ ಸುದ್ದಿ. ಅವರಿಗೆ ಕೇಳಿಸಿದ್ದು ತೂಬಿನ ಸುದ್ದಿ. ಅದು ನನಗೆ ಮೊದಲೇ ಹೊಳೀಬೇಕಿತ್ತು."

ಯಂಕಪ್ಪ ಬಾಗಿಲ ಹೊಸ್ತಿಲ ಮೇಲೆ ಕುಳಿತಿದ್ದ. "ಸಾಹೇಬ್ರು ಬಿಡಾಂಗಿಲ್ಲೇನ್ರಿ?" ಎಂದು ಕೇಳಿದ.

"ಎರಡು ದಿನ ಜಗಳ ಆಡ್ದೆ. ಕೊನೇ ಹೊಲದವರಿಗೆ ನೀರೇ ಮುಟ್ತಿಲ್ಲ, ನಾನು ಯಾರ ಮುಖ ನೋಡ್ಲಿ ಅಂತಾರೆ. ಅದೂ ಸುಳ್ಳಲ್ಲ ಅಂತ ಕಾಣತ್ತೆ."

"ಸುಳ್ಳಲ್ಲ ಬಿಡ್ರಿ," ಎಂದ ಯಂಕಪ್ಪ. ಹೊಸ್ತಿಲು ಬಿಟ್ಟು ಎದ್ದು, "ಆದ್ರ ನಮ್ಮ ಹುಡುಗಿ ಬಾಯಿಂದ ಬರಬಾರದಿತ್ತು," ಎಂದ.

ನಾನು ಅಜ್ಜಿಯ ಮುಖ ನೋಡಿದೆ. ಅವಳ ಅನುಮಾನ ನೂರಕ್ಕೆ ನೂರು ನಿಜವಾಗಿತ್ತು, ಗೆದ್ದ ಕಳೆ ಮಾತ್ರ ಮುಖದಲ್ಲಿ ಇರಲಿಲ್ಲ. ಕಳ್ಳನನ್ನು ಹಿಡಿಯಲು ಕೋಲು ಹಿಡಿದು ಕಾದವಳ ಮುಂದೆ ಕಳ್ಳ ತಾನಾಗಿ ಬಂದು ಕೈಮುಗಿದು ಕುಳಿತರೆ ಕೋಲನ್ನು ಏನು ಮಾಡುವುದು? ಅವಳು ಎದ್ದು, "ಮನಿಗೆ ಹೋಗ್ರಿ ಅಮ್ಮಾರೆ. ಬಿಸಲಾತು," ಎಂದಷ್ಟೇ ಹೇಳಿ ಒಳಗೆ ಬಂದಳು. ಬಂದು ನಮ್ಮಪ್ಪನಿಗೆ, "ನಮ್ಮ ಪಾಳಿ ನೀರಿನಾಗ ಯಂಕಪ್ಪನ ಹೊಲಕ್ಕ ಅರ್ಧ ತಿರುವು. ಸಾಹೇಬಗ ಗೊತ್ತಾದ್ರ ನನ್ನ ಹೆಸರು ಹೇಳು," ಎಂದಳು. ನಮ್ಮಪ್ಪ ಬದುವಿನಲ್ಲಿ ಸಣ್ಣ ದಾರಿ ಕಡಿದು ನೀರು ತಿರುಗಿಸಿದ. ನಮ್ಮ ಕಡೆಯ ತೆನೆ ಆ ವರ್ಷ ಸ್ವಲ್ಪ ಜಳ್ಳಾಯಿತು, ಯಂಕಪ್ಪನ ಬೆಳೆ ಉಳಿಯಿತು. ಸಾಹೇಬರಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದರೋ. ಅಜ್ಜಿ ಎರಡನ್ನೂ ಅನುಮಾನಿಸಿದಳು.

ರತ್ನಿ ಮಾತ್ರ ಮೂಕಳಾದಳು. ಶಾಲೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ ಮೊದಲಿನಂತೆ ಬಾಯಿಪಾಠ ಕೂಡ ಹೇಳಲಿಲ್ಲ. ಪುಸ್ತಕ ನೋಡುತ್ತಿದ್ದಳು, ಕಣ್ಣು ಸಾಲಿನ ಮೇಲೆ ಸರಿಯಾಗಿ ಹರಿಯುತ್ತಿತ್ತು, ತುಟಿ ಬಿಚ್ಚುತ್ತಿರಲಿಲ್ಲ. ಜಾಣೆ ದಡ್ಡಿಯಾದಳೆಂದು ಮಾಸ್ತರರು ತೀರ್ಮಾನಿಸಿದರು. ಒಂದು ದಿನ ಅಜ್ಜಿ ಹಿತ್ತಲಲ್ಲಿ ನೀರೊಲೆಯ ಹತ್ತಿರ ರತ್ನಿಯನ್ನು ಕಂಡಳು. ಹುಡುಗಿ ಬೂದಿಯಲ್ಲಿ ಬೆರಳಿಂದ ಏನೋ ಬರೆಯುವುದು, ಕೂಡಲೇ ಅಳಿಸುವುದು, ಮತ್ತೆ ಬರೆಯುವುದು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅಳಿಸುವ ಅವಸರ ಏನೆಂದು ಅರ್ಥವಾಯಿತು.

"ಲೇ ಹುಡುಗಿ," ಎಂದು ನನ್ನನ್ನು ಕರೆದಳು. "ಆ ಅಮ್ಮಾರಿಗೆ ಹೇಳಿ ಬಾ. ಪಾಠ ಹೇಳೋದಿದ್ರ ನಮ್ಮ ಅಂಗಳಕ್ಕ ಬರ್ಲಿ. ನಾನು ಕುಂತಿರ್ತೀನಿ. ಮನಿ ಮಾತು ಒಂದೂ ಬರಕೂಡದು."

ನಾನು ಓಡಿದೆ. ವಿಮಲಮ್ಮ ಷರತ್ತುಗಳನ್ನು ಕೇಳಿ, ಹಲಗೆಯನ್ನು ಲಸ್ಕರನ ತಲೆಯ ಮೇಲೆ ಹೊರಿಸಿಕೊಂಡು ಅಂದೇ ಬಂದರು. ಮಕ್ಕಳು ಒಬ್ಬೊಬ್ಬರಾಗಿ ಗೋಡೆ ಹಾರಿ ಬಂದರು. ಅಜ್ಜಿ ಕೂತಿದ್ದಾಳೆಂದ ಮೇಲೆ ಊರಿಗೆ ಧೈರ್ಯ. ಆದರೆ ಪಾಠ ಕೆಟ್ಟಿತು. ಮನೆಯ ಮಾತು ಬೇಡವೆಂದ ಮೇಲೆ ಉಳಿದದ್ದೇನು? 'ಕಾಗಿ ಕುಂತೈತಿ.' 'ಕಾಗಿ ಹಾರಿತು.' ಮರುದಿನ ಮತ್ತೆ ಅದೇ ಕಾಗೆ. ನಮಗೆ ಆಕಳಿಕೆ ಬಂತು. ರತ್ನಿ ಕಂಬಕ್ಕೊರಗಿ ಹಲಗೆ ನೋಡುತ್ತಿದ್ದಳು, ಅಷ್ಟೇ.

ಮೊದಲು ಬೇಸತ್ತವಳು ಅಜ್ಜಿ. "ಏನ್ರೀ ಇದು, ದಿನಾ ಕಾಗಿ! ಹೊಸದು ಏನರ ಬರೀರಿ. ಕಾಲುವಿಗೆ ಮೊದಲ ನೀರು ಬಂದಾಗ ಏನಾತು ಅಂತ ಬರೀರಿ." ಬರೆಯಿರಿ ಎಂದವಳು ತಾನೇ ಹೇಳತೊಡಗಿದಳು. ನೀರು ಬರುತ್ತದೆಂದು ಊರೆಲ್ಲ ಏರಿಯ ಮೇಲೆ ನಿಂತದ್ದು, ಮೊದಲು ಬಂದ ನೀರು ಬರೀ ಕಸ, ಕಡ್ಡಿ, ನೊರೆಯಾಗಿದ್ದದ್ದು, "ಇದೇನಾ ಇವರು ಹೇಳಿದ ಗಂಗವ್ವ?" ಎಂದು ಅವಳು ಮೂಗು ಮುರಿದದ್ದು, ಅವಳ ಎಮ್ಮೆ ಆ ನೀರನ್ನು ಮೂಸಿ ಹಿಂದೆ ಸರಿದದ್ದು. ವಿಮಲಮ್ಮ ಒಂದೊಂದೇ ಮಾತನ್ನು ಅಜ್ಜಿಯ ಬಾಯಿಂದ ಬಿದ್ದಂತೆಯೇ ಬರೆದರು. ನಾವು ಓದಿ ಬಿದ್ದು ಬಿದ್ದು ನಕ್ಕೆವು.

ಅಜ್ಜಿ ನಗಲಿಲ್ಲ. ಹೊಸ ಅನುಮಾನ ಹುಟ್ಟಿತ್ತು. "ಈ ಹುಡುಗರು ನಾ ಹೇಳಿದ್ದು ಕೇಳ್ಯಾರ. ಕೇಳಿದ್ದನ್ನ ಒದರತಾರ. ಹಲಿಗಿಯಾಗ ಅದೇ ಐತಿ ಅಂತ ನಂಬೋದು ಹೆಂಗ?" ಎಂದಳು. ಶಿಕ್ಷಕಿಯಾಗಿ ನಾನು ಆಮೇಲೆ ಕಂಡ ತಪಾಸಣೆಗಳಲ್ಲಿ ಯಾವ ಇನ್‌ಸ್ಪೆಕ್ಟರೂ ಈ ಪ್ರಶ್ನೆ ಕೇಳಲಿಲ್ಲವಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

"ಪರೀಕ್ಷೆ ಮಾಡಿ," ಎಂದರು ವಿಮಲಮ್ಮ.

ಅಜ್ಜಿ ಸುತ್ತ ನೋಡಿದಳು. "ರತ್ನಿ, ನೀ ದನದ ಕೊಟ್ಟಿಗಿಗೆ ಹೋಗು. ಕಿವಿ ಮುಚ್ಚಿಕ್ಯಾ. ಕರೆದ್ರ ಬಾ," ಎಂದಳು. ರತ್ನಿ ಹೋದಳು. ಅವಳ ಬೆನ್ನು ಕೊಟ್ಟಿಗೆಯ ಕತ್ತಲಲ್ಲಿ ಮರೆಯಾಗುವ ತನಕ ಅಜ್ಜಿ ಸುಮ್ಮನಿದ್ದಳು. ಆಮೇಲೆ ವಿಮಲಮ್ಮನ ಹತ್ತಿರ ಬಾಗಿ, ಮೆಲ್ಲಗೆ ಒಂದು ಮಾತು ಹೇಳಿದಳು. ವಿಮಲಮ್ಮ ಅಜ್ಜಿಯ ಮುಖ ನೋಡಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಹಲಗೆ ಪೂರ್ತಿ ಅಳಿಸಿ, ನಡುವೆ ಬರೆದರು. ನಮಗೆ ಯಾರಿಗೂ ಬಾಯಿ ಬಿಡಬೇಡಿ ಎಂದು ತುಟಿಗೆ ಬೆರಳಿಟ್ಟು ತೋರಿಸಿದರು.

"ಬಾರಲೇ ರತ್ನಿ!"

ರತ್ನಿ ಬಂದು ಹಲಗೆಯ ಮುಂದೆ ನಿಂತಳು. ನೋಡಿದಳು. ತುಟಿ ಅಲುಗಾಡಲಿಲ್ಲ. ಕಣ್ಣು ಎಡದಿಂದ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು, ಇನ್ನೊಂದು ಸಲ ಹೋಯಿತು. ಗೋಡೆಯ ಆಚೆ ಯಂಕಪ್ಪ ಎತ್ತಿಗೆ ಮೇವು ಹಾಕುವುದನ್ನು ಬಿಟ್ಟು ನಿಂತಿದ್ದ. ರತ್ನಿ ಅಜ್ಜಿಯ ಕಡೆ ತಿರುಗಿ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಹೇಳಿದಳು:

"ರತ್ನಿದು ಏನೂ ತಪ್ಪಿಲ್ಲ."

"ಏನು? ನನಗ ಕೇಳಿಸಲಿಲ್ಲ. ಜೋರಾಗಿ ಓದು."

"ರತ್ನಿದು ಏನೂ ತಪ್ಪಿಲ್ಲ!" ಎಂದು ರತ್ನಿ ಅಳುತ್ತಲೇ ಕೂಗಿದಳು. ಯಂಕಪ್ಪ ಗೋಡೆ ದಾಟಿ ಬಂದು ಅವಳ ತಲೆಯ ಮೇಲೆ ಕೈ ಇಟ್ಟ. "ಹೌದವ್ವಾ, ಸರಿಯಾಗೇ ಓದೀದಿ," ಎಂದ. ಅವನಿಗೂ ಅಕ್ಷರ ಬರುತ್ತಿರಲಿಲ್ಲ.

ಅಜ್ಜಿ ಎಲೆ ಸಂಚಿ ಬಿಚ್ಚುತ್ತ, "ಹಲಿಗಿಯಾಗ ಇದ್ದದ್ದು ಅದೇ. ಇಷ್ಟು ದಿನಕ್ಕ ಖಾತ್ರಿ ಆತು," ಎಂದಳು. ವಿಮಲಮ್ಮನಿಗೆ, "ಇದನ್ನರ ನಿಮ್ಮ ಗಂಡನ ಮುಂದ ಹೇಳ್ರಿ," ಎಂದೂ ಸೇರಿಸಿದಳು.

ಮುಂದಿನ ಬೇಸಿಗೆಯಲ್ಲಿ ಸಾಹೇಬರಿಗೆ ವರ್ಗವಾಯಿತು. ಲಾರಿಯಲ್ಲಿ ಸಾಮಾನು ಹೋಯಿತು, ವಿಮಲಮ್ಮ ಹೋದರು. ಹಲಗೆಯನ್ನು ನಮ್ಮ ಅಂಗಳದಲ್ಲೇ ಬಿಟ್ಟಿದ್ದರು. ಅಜ್ಜಿ ಅದನ್ನು ಭತ್ತದ ಗುಮ್ಮಿಗೆ ಮುಚ್ಚಳ ಮಾಡಿದಳು.

ಆ ಪಾಠದಿಂದ ಉಪಯೋಗವಾಯಿತೇ ಎಂದು ನೀವು ಕೇಳಿದರೆ, ಇಷ್ಟು ವರ್ಷ ಕಲಿಸಿದ ಮೇಲೂ ನನಗೆ ನೆಟ್ಟಗೆ ಉತ್ತರ ಬರುವುದಿಲ್ಲ. ಜಗಲಿಗೆ ಬಂದವರಲ್ಲಿ ಹಲವರು ಬಂದ ಹಾಗೇ ಹೋದರು. ನನಗೆ ಶೇಂಗಾ ದಕ್ಕಿತು. ರತ್ನಿ ಕಲಿತಳು, ಆದರೆ ಕಲಿಸಿದ್ದು ಯಾರು? ಮಾಸ್ತರರು ಕೊನೆಯವರೆಗೂ "ನನ್ನ ಶಿಷ್ಯೆ" ಎಂದರು. ಅಮ್ಮಾರು ಎನ್ನಲು ಹೋದರೆ ಅವರೇ ಅವಳ ಬಾಯಿ ಕಟ್ಟಿಸಿದವರೂ ಹೌದು. ಅಜ್ಜಿ ಎನ್ನೋಣವೆಂದರೆ ಅವಳಿಗೆ 'ಅ' ಬರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ರತ್ನಿ ಸಿಕ್ಕಿದ್ದಳು. ಏಳನೆಯ ಇಯತ್ತೆ ಮುಗಿಸಿ ಸಂಡೂರು ಕಡೆ ಮದುವೆಯಾಗಿ ಹೋದವಳು, ಆಗ ಅಲ್ಲಿನ ಅಂಗನವಾಡಿಯಲ್ಲಿ ಕೆಲಸ. ಬಸ್ಸು ಬರುವ ತನಕ ಕಲ್ಲುಬೆಂಚಿನ ಮೇಲೆ ಕುಳಿತೆವು. ಅಮ್ಮಾರ ಮಾತು ನಾನೇ ತೆಗೆದೆ. "ಅವರಿಂದ ನಿನಗ ಚಲೋ ಆತೋ ಕೆಟ್ಟಾತೋ?" ಎಂದೆ.

ರತ್ನಿ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಎರಡೂ ಆತು," ಎಂದಳು. "ಇವತ್ತಿಗೂ ಏನರ ಕೈಗೆ ಬಂದ್ರ ಮೊದಲು ಮನಸಿನ್ಯಾಗ ಓದಿಕೊಂತೀನಿ. ಯಾರಿಗೆ ತಾಗತೈತಿ ಅಂತ ನೋಡಿಕೊಂಡು ಆಮ್ಯಾಲೆ ಬಾಯಿ ಬಿಡ್ತೀನಿ. ನಮ್ಮ ಹುಡುಗರು ಅಂಗನವಾಡಿಯಾಗ ಮನಿ ಸುದ್ದಿ ಏನೇನೋ ಹೇಳ್ತಾವ. ನಾನು ಅದನ್ನ ನನ್ನ ಗಂಡನ ಮುಂದೂ ಹೇಳಲ್ಲ." ನಕ್ಕು, "ಅವರು ಬರದೇ ಇದ್ದಿದ್ರ ನಾನು ಇನ್ನೂ ಪುಸ್ತಕ ತಲಿಕೆಳಗ ಹಿಡಕೊಂಡು ಹಾಡ್ತಿದ್ನೇನೋ," ಎಂದಳು. ಸಂಡೂರಿನ ಬಸ್ಸು ಬಂತು, ಓಡಿ ಹತ್ತಿದಳು.

ಫ್ಲೆಕ್ಸಿನ ಹುಡುಗಿಗೆ ನಾನು ಒಪ್ಪಿಗೆಯನ್ನೂ ಕೊಡಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅವರು ಎದುರು ಬೀದಿಯ ಬೇವಿನ ಮರದ ಕೆಳಗೆ ಶುರುಮಾಡಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೊದಲ ವಾರ ಫ್ಲೆಕ್ಸಿನಲ್ಲಿದ್ದ ಎಲ್ಲ ಮುಖಗಳೂ ಬಂದವು, ಫೋಟೋಗಳೂ ಆದವು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಹುಡುಗಿ ಒಬ್ಬಳೇ ಉಳಿದಿದ್ದಳು. ನಾನು ಅಂದುಕೊಂಡಂತೆಯೇ ಆಯಿತು ಎಂದು ಸಮಾಧಾನಪಟ್ಟುಕೊಳ್ಳಲು ಹೋದೆ, ಯಾಕೋ ಆಗಲಿಲ್ಲ.

ಮೊನ್ನೆ ಅವಳೇ ಗೇಟಿನ ಹತ್ತಿರ ಬಂದು ನಿಂತಳು. ಮುಖ ಸಣ್ಣಗಾಗಿತ್ತು. ಶೆಡ್ಡಿನ ಮಾತು ಎತ್ತಲಿಲ್ಲ.

"ಮೇಡಂ, ನೀವು ಟೀಚರ್ ಆಗಿದ್ರಂತ. ಒಂದು ಮಾತು ಕೇಳಬೇಕಿತ್ತು. ಒಬ್ಬ ಹುಡುಗ ದಿನಾ ಬರ್ತಾನ, ನಗನಗತಾ ಕುಂದರ್ತಾನ. ಕಳಿಯೋ ಲೆಕ್ಕ ಜೂನಿನಾಗ ಹೆಂಗ ತಪ್ಪು ಮಾಡ್ತಿದ್ನೋ ಇವತ್ತೂ ಹಂಗೇ ಮಾಡ್ತಾನ. ನನ್ನಿಂದ ಅವಗ ಏನೂ ಆಗಿಲ್ಲ ಅನಸ್ತೈತಿ. ನಾನು ಹೇಳಿಕೊಡೋದ್ರಾಗೇ ಏನೋ ತಪ್ಪೈತಿ. ಏನಂತ ತಿಳೀವಲ್ದು."

ಇಷ್ಟು ವರ್ಷಗಳಲ್ಲಿ ಟೋಪಿಯವರು, ಟೀ ಶರ್ಟಿನವರು, ಬಲೂನಿನವರು ಯಾರೂ ನನ್ನ ಹತ್ತಿರ ಬಂದು ಈ ಮಾತು ಹೇಳಿರಲಿಲ್ಲ.

ನಾನು ಗೇಟಿನ ಚಿಲಕ ತೆಗೆದೆ. "ಆ ಹುಡುಗನ್ನೂ ಕರಕೊಂಡು ಬಾರವ್ವಾ," ಎಂದೆ. "ಅಂವ ಹೆಂಗ ತಪ್ಪು ಮಾಡ್ತಾನ, ಇಬ್ಬರೂ ಕುಂತು ನೋಡೋಣ."